ಆರಂಕಿಯ ಬಳೆ

ಒಂದಾನೊಂದು ಕಾಲದಲ್ಲಿ, ನಿಮ್ಮಜ್ಜಿಯ ಅಜ್ಜಿನೂ ಹುಟ್ಟಿರಲಿಲ್ಲ ಅಂತಿಟ್ಕೋ, ಒಬ್ಬ ರಾಜ ಇದ್ನಂತೆ. ಅವನಿಗೆ ಎರಡು ಹುಚ್ಚು, ಒಂದು ಆನೆ, ಇನ್ನೊಂದು ಲೆಕ್ಕ. ಆನೆ ಲಾಯಕ್ಕೆ ಜಾಗ ಸಾಲ್ದು ಅಂತ ಬಳೆಗಾರರ ಬೀದಿನೇ ಖಾಲಿ ಮಾಡಿ ಅಂದ್ಬಿಟ್ನಂತೆ. ಇದ್ದಿದ್ದೇ ಏಳು ಮನೆ, ಪಾಪ. ಅವರೆಲ್ಲ ಹೋಗಿ ಕಾಲಿಗೆ ಬಿದ್ರೆ ರಾಜ ಅಂದ್ನಂತೆ, ನೀವು ಬೀದಿ ಬಿಡಲ್ಲ ಅಂತೀರಲ್ಲ, ಹಂಗೇ ಮನೆ ಬಿಡದಿರೋ ಒಂದು ಸಂಖ್ಯೆ ತನ್ನಿ, ನಮ್ಮ ಪಂಡಿತ ಅದನ್ನ ಮೂರು ಬೇರೆ ಬೇರೆ ಅಂಕಿಯಿಂದ ಗುಣಿಸ್ತಾನೆ, ಅಂಕಿಗಳು ಬೇಕಾದ್ರೆ ಜಾಗ ಬದಲಾಯಿಸ್ಲಿ, ಆದ್ರೆ ಒಂದೂ ಆಚೆ ಹೋಗ್ಬಾರ್ದು, ಹೊರಗಿನದು ಒಳಗೆ ಬರ್ಬಾರ್ದು, ಆಗ ಬೀದಿ ನಿಮ್ದೇ.

ಆ ಬೀದಿಲಿದ್ದ ಬಳೆಗಾರ ಚಿಕ್ಕರಂಗಂಗೆ ಮೂರು ಮಕ್ಕಳಂತೆ. ದೊಡ್ಡವನು ಒಂದು ಅನ್ನೋ ಅಂಕಿನ ಆರು ಸಲ ಸಾಲಾಗಿ ಬರ್ಕೊಂಡು ಹೋದ, ಎರಡರಿಂದ ಗುಣಿಸಿದ್ದೇ ತಡ ಎಲ್ಲಾ ಎರಡಾಗೋಯ್ತಂತೆ. ಎರಡನೇವನು ಮಹಾ ಜಾಣ, ಸೊನ್ನೆ ತಗೊಂಡು ಹೋದ. ಎಷ್ಟರಿಂದ ಗುಣಿಸಿದ್ರೂ ಸೊನ್ನೆನೇ ಅಲ್ವಾ! ರಾಜ ಬಿದ್ದು ಬಿದ್ದು ನಕ್ಕು, ಸೊನ್ನೆ ಅಂದ್ರೆ ಯಾರೂ ಇಲ್ಲ ಅಂತ, ಹಂಗಾದ್ರೆ ನಾಳೆನೇ ಹೊರಡಿ ಅಂದ್ನಂತೆ.

ಇನ್ನು ಉಳಿದೋಳು ಕೆಂಚವ್ವ. ಹೆಣ್ಣಿಗ್ಯಾಕೆ ಲೆಕ್ಕ ಅಂತ ಅಪ್ಪ ದಿನಾ ಗದರೋನು, ಆದ್ರೆ ಬೀದಿಗೆ ಬಂದ ಮಣಿ ಏಳು ಮನೆಗೂ ಸಮ ಹಂಚೋಳು ಅವಳೇ. ಒಂದ್ಸಲ ಹತ್ತು ಲಕ್ಷ ಮಣಿ ಬಂದಾಗ ಮನೆಗೆ ಒಂದು ಲಕ್ಷದ ನಲವತ್ತೆರಡು ಸಾವಿರದ ಎಂಟುನೂರ ಐವತ್ತೇಳು ಬಿದ್ದು, ಒಂದೇ ಒಂದು ಮಣಿ ಮಿಕ್ಕಿತ್ತಂತೆ. ಎರಡು ಮನೆ ಪಾಲು ಕೂಡಿಸಿದ್ರೂ ಅವೇ ಅಂಕಿ, ಮೂರು ಮನೆದು ಕೂಡಿಸಿದ್ರೂ ಅವೇ ಅಂಕಿ! ಅದು ಅವಳ ತಲೇಲಿ ಕೂತಿತ್ತು. ಒಂದು ನಾಕು ಎರಡು ಎಂಟು ಐದು ಏಳು ಅಂತ ಆ ಆರಂಕಿನೂ ಒಂದು ಅರಗಿನ ಬಳೆ ಸುತ್ತ ಕೆತ್ಕೊಂಡು, ಅಪ್ಪನ್ನ ಕರ್ಕೊಂಡು ಅರಮನೆಗೆ ಹೋದ್ಲಂತೆ.

ಪಂಡಿತ ಎರಡರಿಂದ ಗುಣಿಸ್ದ. ಎರಡು ಎಂಟು ಐದು ಏಳು ಒಂದು ನಾಕು ಬಂತು. ಕೆಂಚವ್ವ ಬಳೆ ಒಂಚೂರು ತಿರುಗಿಸಿ, ಎರಡರಿಂದ ಓದಿ ಅಂದ್ಲು, ಅದೇ! ಆಮೇಲೆ ಐದರಿಂದ ಗುಣಿಸ್ದ. ಏಳು ಒಂದು ನಾಕು ಎರಡು ಎಂಟು ಐದು. ಮತ್ತೆ ತಿರುಗಿಸಿದ್ಲು, ಏಳರಿಂದ ಓದಿದ್ರೆ ಅದೇ! ಮಲಗ್ಬೇಡ ಕಣೇ ಪುಟ್ಟಿ, ಇಲ್ಲೇ ಇರೋದು ಮಜಾ. ಪಂಡಿತನ ಮುಖ ಕಪ್ಪಿಟ್ಟು, ನಿಮ್ಮ ಮನೆ ಏಳಲ್ವಾ, ತಗೋ ಏಳು, ಅಂತ ಗುಣಿಸಿದ್ರೆ, ಅಯ್ಯೋ ಶಿವನೇ, ಆರಕ್ಕೆ ಆರೂ ಒಂಬತ್ತು! ಎಲ್ಲಾ ಮನೆ ಬಿಟ್ಟೋದ್ವು, ನಡೀರಿ ಆಚೆ ಅಂದ್ನಂತೆ. ಅಪ್ಪ ಆಗ್ಲೇ ಬಾಗಿಲ ಕಡೆ ತಿರುಗ್ದ.

ಕೆಂಚವ್ವ ಮಾತ್ರ ಕೈಲಿದ್ದ ಬಳೆನೇ ನೋಡ್ತಾ ನಿಂತ್ಲಂತೆ. ಒಂದರ ಎದುರಿಗೆ ಎಂಟು, ನಾಕರ ಎದುರಿಗೆ ಐದು, ಎರಡರ ಎದುರಿಗೆ ಏಳು. ಆಮೇಲೆ ತಲೆ ಎತ್ತಿ ಅಂದ್ಲಂತೆ, ಯಾರೂ ಎಲ್ಲೂ ಹೋಗಿಲ್ಲ ದೊರೆ, ಎದುರುಬದುರು ಮನೆಯೋರು ಕೈ ಕೈ ಹಿಡ್ಕೊಂಡವ್ರೆ, ಅಷ್ಟೇ. ಕೂಡಿಸಿ ನೋಡಿ, ಪ್ರತಿ ಜೋಡಿನೂ ಒಂಬತ್ತು. ಏಳು ಮನೆ ಒಂದಾಗಿ ನಿಂತ್ರೆ ನಮ್ಮಲ್ಲಿ ಚಿಕ್ಕೋರೇ ಇಲ್ಲ. ಒಂಬತ್ತಕ್ಕಿಂತ ದೊಡ್ಡಂಕಿ ನಿಮ್ಮರಮನೇಲಿದ್ರೆ ತೋರಿಸಿ, ಈಗ್ಲೇ ಬೀದಿ ಬಿಡ್ತೀವಿ!

ರಾಜ ಬೆರಳು ಮಡಚಿ ಮಡಚಿ ಕೂಡಿಸಿ, ಸಿಂಹಾಸನದಿಂದ ಎದ್ದು ನಿಂತು ಭೇಷ್ ಅಂದ್ನಂತೆ. ಆನೆ ಲಾಯ ಕೆರೆಯಾಚೆ ಹೋಯ್ತು, ಬೀದಿ ಅಲ್ಲೇ ಉಳೀತು. ಅಪ್ಪ ಮನೆಗೆ ಬಂದೋನೇ, ಅವತ್ತು ಮಿಕ್ಕಿದ್ದ ಮಣಿ ಇತ್ತಲ್ಲ, ಅದನ್ನ ತಾನೇ ದಾರಕ್ಕೆ ಪೋಣಿಸಿ ಕೆಂಚವ್ವನ ಕೊರಳಿಗೆ ಕಟ್ದ. ಏಳು ಮನೆದು ಸೇರಿದ್ರೂ ಬರೀ ಒಂಬತ್ತುಗಳೇ ಕಣವ್ವ, ಈ ಒಂದು ಸೇರಿದ್ಮೇಲೇ ಹತ್ತು ಲಕ್ಷ ತುಂಬೋದು, ಅದು ನೀನೇ ಅಂದ್ನಂತೆ.

ಅಲ್ಲಿಗೆ ಕತೆ ಮುಗೀತು, ಬಳೆ ಮಾತ್ರ ಇನ್ನೂ ತಿರುಗ್ತಾನೇ ಐತೆ. ನೀನೂ ಮಗ್ಗುಲು ತಿರುಗು, ಮಲ್ಕೋ.