ಮೌನೇಶನ ಊಟದ ಮನೆ

ಹೊಳೆದಂಡೆಯಲ್ಲಿ ಒಂದು ಸಣ್ಣ ಮಠ. ಅಲ್ಲೊಬ್ಬ ಅಜ್ಜ. ಶಿಷ್ಯರು ಮೂರೋ ನಾಲ್ಕೋ ಮಂದಿ. ಅವರಲ್ಲಿ ಮೌನೇಶ ಎಂಬ ಬಡಿಗ ಒಬ್ಬ. ಉಳಿ ಹಿಡಿದರೆ ಅವನ ಕೈಗೆ ಸಮ ಇಲ್ಲ. ಹಟಕ್ಕೂ ಅಷ್ಟೇ.

ಒಂದು ಬೆಳಿಗ್ಗೆ ಅವನು ಬಂದು ಅಜ್ಜನ ಮುಂದೆ ಕುಕ್ಕರಗಾಲಲ್ಲಿ ಕೂತ.

“ಅಜ್ಜಾರ, ಮನ್ಯಾಗ ಹೊಸಾ ಊಟದ ಮನಿ ಕಟ್ಟಿದೆ. ಯಾರಿಗೂ ಅದು ಸೇರವಲ್ದು.”

“ಯಾಕ ಕಟ್ಟಿದಿ?”

“ತಮ್ಮ ನಾಗಲಿಂಗ ಯುಗಾದಿಗೆ ಬ್ಯಾರೆ ಒಲಿ ಹೂಡತೀನಿ ಅಂದಾನ. ಎಲ್ಲಾರೂ ಒಂದ ಕಡೆ ಕುಂತು ಉಂಡರ ಅವನ ಮನಸ್ಸು ತಿರಗತೈತಿ ಅಂತ ಕಟ್ಟಿದೆ. ಈ ಮನಿ ಒಡದರ ನಮ್ಮವ್ವ ಉಳಿಯಾಂಗಿಲ್ರೀ.”

“ಅಂವ ಯಾಕ ಬ್ಯಾರೆ ಆಗತಾನಂತ?”

“ಕೇಳಿಲ್ರೀ.”

“ಊಟಕ್ಕ ಮ್ಯಾಜು ಕುರ್ಚಿ ಮಾಡಿರಬೇಕಲ್ಲ, ಅದಕ್ಕ ಅಳತಿ ತಗೊಂಡಿಯೇನು?”

ಈಗ ಮೌನೇಶನ ಮುಖ ಅರಳಿತು. “ಎಲ್ಲಾರದೂ ತಗೊಂಡೀನ್ರೀ! ಸಾಗವಾನಿ ಮ್ಯಾಜು, ಏಳು ಕುರ್ಚಿ. ಅವ್ವನ ಮೊಣಕಾಲು ನೋಯ್ತಾವಂತ ಆಕಿ ಕುರ್ಚಿ ಗಿಡ್ಡ ಮಾಡೀನಿ. ಹೊಳಿ ಕಾಣೂ ಹಾಂಗ ಕಿಡಕಿ. ಹೊಗಿ ಬರಬಾರದು ಅಂತ ಅಡಗಿಮನಿಗೂ ಅದಕ್ಕೂ ನಡುವ ಒಂದು ಗ್ವಾಡಿ. ಇಲ್ಲೇ ಉಣ್ಣಬೇಕು ಅಂತ ಕಟ್ಟಪ್ಪಣೆನೂ ಮಾಡೀನಿ. ಬರತಾರ, ಗಪ್ಪನ ಉಣ್ಣತಾರ, ಎದ್ದು ಹೋಗತಾರ.”

ಅಜ್ಜ ಎದ್ದು ವಸ್ತ್ರ ಹೆಗಲಿಗೆ ಹಾಕಿಕೊಂಡ. “ನಡಿ. ಇವತ್ತ ನನ್ನ ಊಟ ನಿಮ್ಮನ್ಯಾಗ.”

ಮಧ್ಯಾಹ್ನ ಎಲ್ಲರೂ ಮೇಜಿನ ಸುತ್ತ ಕೂತರು. ಅವ್ವ, ಮೌನೇಶ, ಅವನ ಇಬ್ಬರು ಗಂಡುಮಕ್ಕಳು, ನಾಗಲಿಂಗ, ನಾಗಲಿಂಗನ ಮಗಳು. ಉಳಿದ ಏಳನೆಯ ಕುರ್ಚಿಯಲ್ಲಿ ಅಜ್ಜ. ಅವನು ಮೇಜಿನ ಮೇಲೆ ಅಂಗೈ ಆಡಿಸಿ, “ಭಾಳ ಚಲೋ ಕೆಲಸ,” ಅಂದ. ಮನಸಾರೆ ಅಂದ.

ಅಡುಗೆ ನಾಗಲಿಂಗನ ಹೆಂಡತಿ ಇಂದ್ರವ್ವನದು. ಮೌನೇಶನ ಹೆಂಡತಿ ತೀರಿಕೊಂಡ ಮೇಲೆ ಆರು ವರ್ಷದಿಂದ ಇಡೀ ಮನೆಯ ರೊಟ್ಟಿ ಬಡಿಯುವವಳು ಅವಳೊಬ್ಬಳೇ. ಬಿಸಿ ರೊಟ್ಟಿ ಹಂಚಿನಿಂದ ತೆಗೆದು, ಗೋಡೆ ಸುತ್ತಿ ಬಂದು, ಒಬ್ಬರ ತಾಟಿಗೆ ಹಾಕಿ, ಇನ್ನೊಂದು ಸೀದೀತು ಅಂತ ಮತ್ತೆ ಒಳಗೆ ಓಡುತ್ತಿದ್ದಳು.

“ನಾ ಕುಂತ ಈ ಕುರ್ಚಿ ಯಾರದು?” ಅಜ್ಜ ಕೇಳಿದ. “ಇದರ ಹೊಳಪು ಇನ್ನೂ ಹಾಂಗ ಐತಿ.”

“ಇಂದ್ರವ್ವಂದ್ರೀ. ಆಕಿ ಎತ್ತರ ನೋಡೇ ಮಾಡೀನಿ.”

“ಆಕಿ ಕುಂಡ್ರೂದು ಯಾವಾಗ?”

“ಎಲ್ಲಾರದೂ ಆದಮ್ಯಾಲ್ರೀ.”

ನಾಗಲಿಂಗ ತಾಟು ಹಿಂದಕ್ಕೆ ತಳ್ಳಿದ.

“ಎಲ್ಲಾರದೂ ಆದಮ್ಯಾಲೆ! ಆರು ವರ್ಷ ಆತು ಅಣ್ಣಾ. ನಾವು ತೇಗಿ ಏಳತೀವಿ, ಆಕಿ ಆರಿದ ರೊಟ್ಟಿ ಮುಂದಿಟ್ಕೊಂಡು ಒಬ್ಬಾಕಿನ ಕುಂಡ್ರತಾಳ. ಮೊದಲು ನಾವು ಒಲಿ ಮುಂದ ಕುಂತು ಉಣ್ಣುವಾಗ ಆಕಿಗೆ ನಮ್ಮ ಮಾರಿ ಕಾಣತಿತ್ತು, ನಾಕು ಮಾತರ ಕೇಳತಿದ್ವು. ನೀ ಅದಕ್ಕೂ ಗ್ವಾಡಿ ಕಟ್ಟಿದಿ!”

ಅವ್ವ ತಲೆ ತಗ್ಗಿಸಿದಳು. ಮೌನೇಶ ತಿರುಗಿ ತಾನು ಕಟ್ಟಿದ ಗೋಡೆಯನ್ನು ನೋಡಿದ. ಪಾಪ, ಅವನಿಗೆ ನಿಜವಾಗಿಯೂ ಇದು ಕಂಡಿರಲಿಲ್ಲ. ಕಂಡಿರಲಿಲ್ಲ ಅನ್ನುವುದೇ ಅವನನ್ನು ಸುಟ್ಟಿತು.

“ನಾಳೇನ ಗ್ವಾಡಿ ಕೆಡವತೀನ್ರೀ ಅಜ್ಜಾರ.”

“ಗ್ವಾಡಿ ನಾಳಿಗಾತು. ಆಕಿ ಹಸದಿದ್ದು ಇವತ್ತ.”

ಅಜ್ಜ ತನ್ನ ತಾಟು ಹಿಡಿದು ಅಡುಗೆಮನೆಗೆ ನಡೆದ. ಒಲೆಯ ಪಕ್ಕ ನೆಲದ ಮೇಲೆ ಕೂತ. ಒಬ್ಬೊಬ್ಬರಾಗಿ ಎಲ್ಲರೂ ಬಂದು ಕೂತರು. ಅಜ್ಜ ತನ್ನ ಎದುರಿಗೆ ಇನ್ನೊಂದು ತಾಟು ಇಟ್ಟ.

“ಬಾರವ್ವಾ ಇಂದ್ರವ್ವ, ಕೂಡು.”

ಅವಳು ಗಾಬರಿಯಾಗಿ ತಲೆಯ ಮೇಲೆ ಸೆರಗು ಎಳೆದುಕೊಂಡಳು. “ಅಯ್ಯ, ಭಾವನ ಮುಂದ ನಾ ಉಣ್ಣಲೇನ್ರೀ? ನಾ ಎದ್ದರ ರೊಟ್ಟಿ ಯಾರು ಬಡೀತಾರ?”

ಅಜ್ಜ ಮೌನೇಶನ ಕಡೆ ನೋಡಿದ.

“ನನಗ ಬರೂದಿಲ್ರೀ,” ಅಂದ ಮೌನೇಶ.

“ಉಳಿ ಹಿಡಿಯೂದು ಹುಟ್ಟಿದಾಗನ ಬರತಿತ್ತೇನು? ಕೈ ತೊಳಕೋ.”

ಮೌನೇಶ ಕೈ ತೊಳೆದುಕೊಂಡು ಬಂದ. ಇಂದ್ರವ್ವ ಎದ್ದು ದೂರ ನಿಂತಳು. ಅವ್ವ ಅವಳ ಕೈ ಹಿಡಿದು ತಾಟಿನ ಮುಂದೆ ಕೂರಿಸಿದಳು.

ಮೌನೇಶ ಒಲೆಯ ಮುಂದೆ ಕೂತು ಹಿಟ್ಟಿನ ಉಂಡೆ ಬಡಿಯತೊಡಗಿದ. ಅಂಚು ಬಿರಿಯಿತು. ಕೂಡಿಸಿದ, ಮತ್ತೆ ಬಿರಿಯಿತು. ಮಕ್ಕಳು ಕಿಸಕ್ಕನೆ ನಕ್ಕರು. ನಾಗಲಿಂಗ ನಗಲಿಲ್ಲ. ಅವನು ಎದ್ದು ಬಂದು ಒಲೆಯಿಂದ ಒಂದು ಕಟ್ಟಿಗೆ ಹೊರಗೆಳೆದ.

“ಉರಿ ಜಾಸ್ತಿ ಆತು ಅಣ್ಣಾ,” ಅಂದು ಅಲ್ಲೇ ಅವನ ಪಕ್ಕ ಕೂತ.

ಹಂಚಿನ ಮೇಲಿಂದ ತೆಗೆಯುವಷ್ಟರಲ್ಲಿ ರೊಟ್ಟಿ ಎರಡು ಹೋಳಾಯಿತು.

“ಹರದ ಹೋತ್ರೀ ಅಜ್ಜಾರ,” ಅಂದ ಮೌನೇಶ.

“ಬಿಸಿ ಐತಲ್ಲ. ಆಕಿ ತಾಟಿಗೆ ನೀಡು.”