ತೋಳದ ಬಯಲಿಗೆ ಗಾದಿಲಿಂಗ ತಂದ ಗಾಡಿ

ಹೂಂಗುಟ್ಟೋರು ಹೂಂಗುಟ್ರಿ, ತೂಕಡಿಸೋರು ತೂಕಡಿಸ್ರಿ. ಇದು ಬಯಲಿನ ಕತಿ, ನಿಧಾನಕ್ಕ ಹೋಗ್ತದ.

ಕಲ್ಲುಗುಡ್ಡದ ಬುಡದ ಊರಾಗ ಹುಲಿಗೆಮ್ಮ ಅಂತ ಒಬ್ಬಾಕಿ ಇದ್ದಳು. ಆಕಿಗೆ ಗಾದಿಲಿಂಗ ಒಬ್ಬನೇ ಮಗ. ಗಾಡಿ ಓಡಿಸೋದು ಬರ್ತಿತ್ತು, ಬುದ್ಧಿ ಓಡಿಸೋದು ಬರ್ತಿರಲಿಲ್ಲ. ಹೇಳಿದ್ದನ್ನ ಹೇಳಿದಂಗ ಮಾಡ್ತಿದ್ದ, ಅದೇ ತ್ರಾಸು. ಕೆಲಸ ಇಲ್ಲದಾಗ ಬೇವಿನ ನೆರಳಾಗ ಅಂಗಾತ ಮಲಗಿ ಮೋಡ ನೋಡ್ತಿದ್ದ. ಒಂದೊಂದು ಮೋಡಕ್ಕೂ ಅವನ ಕಣ್ಣಿಗೆ ಚಕ್ರ ಕಾಣ್ತಿದ್ದವು.

ಆ ಊರಿಗೆ ವಾರಿಜಾ ಮೇಡಂ ಬಂದಿದ್ದರು, ತೋಳಗಳ ಮ್ಯಾಲೆ ಸಂಶೋಧನೆ ಮಾಡೋರು. ಹುಲಿಗೆಮ್ಮ ಅವರ ಬಿಡಾರದಾಗ ರೊಟ್ಟಿ ಬಡೀತಿದ್ದಳು. ಗುಡ್ಡದಾಚೆ ಹುಲ್ಲುಬಯಲಾಗ ತೋಳ ಮರಿ ಹಾಕ್ಯಾವ ಅಂತ ಸುದ್ದಿ ಇತ್ತು. ಮಳಿ ಹಿಡಿಯೋದ್ರೊಳಗ ಆ ಮರಿ ಕಣ್ಣಿಗೆ ಬಿದ್ದರೆ ಸರಿ, ಇಲ್ಲದಿದ್ದರೆ ಮೇಡಂ ಬಿಡಾರ ಕೀಳಬೇಕು, ಹುಲಿಗೆಮ್ಮ ಒಲಿ ಆರಿಸಬೇಕು. ಇಂಥಾ ಹೊತ್ತಿನಾಗ ಮೇಡಂ ಜೀಪು ಕೆಟ್ಟು ಕುಂತಿತು.

"ಪೇಟೆಗೆ ಹೋಗಿ ಬ್ಯಾರೆ ಗಾಡಿ ತಾರೋ," ಅಂದಳು ಹುಲಿಗೆಮ್ಮ. "ಮೇಡಂ ಕುಂಡ್ರೋದು, ಸೀಟು ಮೆತ್ತಗಿರೋದು ನೋಡಿ ತಾ."

"ಹೂಂ ಬೇ ಯವ್ವಾ, ಹಂಗ ಮಾಡ್ತೀನಿ!"

ಹೋದ. ಎಲ್ಲಾ ಗಾಡಿ ಸೀಟು ಒತ್ತಿ ನೋಡಿದ. ಮದುವಿಗೆ ಬಾಡಿಗೆ ಕೊಡೋ ಕಾರು ತಂದ! ಮಲ್ಲಿಗಿ ಮಾಲಿ ಇನ್ನೂ ಜೋತಾಡ್ತಿತ್ತು. ಗುಡ್ಡದ ದಾರ್‍ಯಾಗ ಒಂದು ಬಂಡೆಗಲ್ಲಿನ ಮ್ಯಾಲೆ ಕಾರಿನ ಹೊಟ್ಟಿ ಕುಂತಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಬಂಡೆಗಲ್ಲಿನ ಮ್ಯಾಲೆ ಮದುಮಗಳಂಗ ತೂಗಾಡ್ತಿತ್ತು.

"ಅಯ್ಯೋ ಮೂಳಾ! ಎತ್ತರದ ಗಾಡಿ ತರಬಾರದೇನೋ?"

"ಹೂಂ ಬೇ ಯವ್ವಾ, ಹಂಗ ಮಾಡ್ತೀನಿ!"

ಮತ್ತ ಹೋದ. ಪೇಟೆಯಾಗ ಎಲ್ಲಕ್ಕಿಂತ ಎತ್ತರದ್ದು ಯಾವುದು? ಬೋರ್‌ವೆಲ್ ಲಾರಿ! ತಂದ. ಬಯಲಿನ ಅಂಚಿಗೆ ಬಂದು ಧಡಧಡಧಡ ಅಂತ ನಿಂತಿತು. ಕೌಜುಗ ಹಾರಿದವು, ನರಿ ಓಡಿದವು, ಹುಲ್ಲೂ ತಲಿ ತಗ್ಗಿಸಿತು. ಮೇಡಂ ಕಿವಿ ಮುಚ್ಚಿಕೊಂಡು ಅಲ್ಲೇ ಕುಂತುಬಿಟ್ಟರು. "ಇನ್ನು ಆ ತಾಯಿ ತೋಳ ಮರಿಗಳನ್ನ ಕಚ್ಚಿಕೊಂಡು ಎಲ್ಲಿಗೆ ಹೋಯ್ತೋ!" ಅಂದರು.

"ನಿನ್ನ ಬಾಯಿಗೆ ಮಣ್ಣು ಹಾಕ! ಸದ್ದು ಮಾಡದ ಗಾಡಿ ತರಬಾರದೇನೋ?" ಅಂದಳು ಅವ್ವ.

"ಹೂಂ ಬೇ ಯವ್ವಾ, ಹಂಗ ಮಾಡ್ತೀನಿ!"

ಈ ಸಲ ಗುಜರಿ ಅಂಗಡಿಗೆ ಹೋದ. ಅಲ್ಲೊಂದು ಹಳೇ ಜೀಪು, ಹುಲ್ಲಿನ ಬಣ್ಣದ್ದು. ಕಿವಿ ಇಟ್ಟು ಕೇಳಿದ. ಸದ್ದೇ ಇಲ್ಲ! ಇಂಜಿನ್ನೇ ಇರಲಿಲ್ಲ, ಸದ್ದು ಎಲ್ಲಿಂದ ಬರಬೇಕು? ನೂಕಿದ, ನೂಕಿದ, ಗುಡ್ಡದ ನೆತ್ತಿತನಕ ನೂಕಿದ. ಆಮ್ಯಾಲೆ ಹತ್ತಿ ಕುಂತ. ಜೀಪು ಇಳಿಜಾರಿನಾಗ ತಾನೇ ಹೊಂಟಿತು. ಗಾಳಿ ಮುಖ ಸವರಿತು, ಹುಲ್ಲು ಎರಡೂ ಕಡೆ ಸರಿದು ದಾರಿ ಕೊಟ್ಟಿತು. ಮೋಡದ ಗಾಡಿ ಅಂದರೆ ಇದೇ ಅನ್ನಿಸಿತು ಗಾದಿಲಿಂಗಗ. ಬಯಲಿನ ನಟ್ಟನಡುವೆ ಅದು ಮೆಲ್ಲಕ ನಿಂತಿತು. ನಿಂತಿದ್ದು ನಿಂತೇಬಿಟ್ಟಿತು.

ಬಿಡಾರಕ್ಕ ಓಡಿ ಬಂದು ಹೇಳಿದ. ಹುಲಿಗೆಮ್ಮ ಹಣಿ ಹಣಿ ಚಚ್ಚಿಕೊಂಡಳು. ಮೇಡಂ ಮಾತ್ರ ಸಮಾಧಾನದಿಂದ ಹೇಳಿದರು: "ನೋಡಪ್ಪ, ಇಂಥಾ ಜಾಗಕ್ಕೆ ನಾಲ್ಕು ಚಕ್ರಕ್ಕೂ ಎಳೆತ ಇರಬೇಕು."

"ಅಷ್ಟೇ ಏನ್ರೀ? ಹಂಗ ಮಾಡ್ತೀನಿ!"

ಮರುದಿನ ಇಳಿಹೊತ್ತಿಗೆ ಇಬ್ಬರನ್ನೂ ಬಯಲಾಗ ನಿಂತ ಜೀಪಿನ ಹತ್ರ ಕರಕೊಂಡು ಹೋದ. "ಎಳೆತ ತಂದೀನ್ರೀ, ಹತ್ರಿ." ಮೇಡಂ ಹತ್ತಿದರು, ಹುಲಿಗೆಮ್ಮನೂ ಹತ್ತಿದಳು. ನೋಡಿದರೆ ನಾಲ್ಕು ಎತ್ತು! ಒಂದೊಂದು ಚಕ್ರಕ್ಕ ಒಂದೊಂದು ಎತ್ತು ಕಟ್ಟ್ಯಾನ, ನಾಲ್ಕೂ ನಾಲ್ಕು ದಿಕ್ಕಿಗೆ ಮುಖ ಮಾಡ್ಯಾವ!

"ಬ್ಯಾಡಲೋ!" ಅನ್ನೋದ್ರೊಳಗ "ಹೋಯ್!" ಅಂದ.

ಎತ್ತು ಜಗ್ಗಿದವು. ತುಕ್ಕು ಹಿಡಿದ ಚಕ್ರ ಕಳಚಿದವು. ಒಂದು ಮೂಡಲಕ್ಕ ಉರುಳಿತು, ಒಂದು ಪಡುವಲಕ್ಕ, ಉಳಿದವು ಎತ್ತಿನ ಹಿಂದೆ ಮನಿ ಕಡೆ ಹೋದವು. ಜೀಪು ಹುಲ್ಲಿನಾಗ ದೊಪ್ಪಂತ ಕುಂತಿತು.

ಹುಲಿಗೆಮ್ಮ ಬೈಯಾಕ ಬಾಯಿ ತೆಗೆದಳು. ಮೇಡಂ ಆಕಿ ಕೈ ಹಿಡಿದರು. ಹುಲ್ಲು ಅಲುಗಿತು. ಒಂದು ಬೂದು ಮುಖ ಮ್ಯಾಲೆ ಬಂತು. ಅದರ ಹಿಂದೆ ಒಂದು ಮರಿ, ಇನ್ನೊಂದು, ಮತ್ತೊಂದು. ಚಕ್ರ ಇಲ್ಲದ, ಸದ್ದಿಲ್ಲದ, ಹುಲ್ಲಿನ ಬಣ್ಣದ ಆ ಜೀಪನ್ನ ತೋಳ ಒಂದು ಬಂಡೆಗಲ್ಲು ಅಂದುಕೊಂಡಿತೇನೋ. ಮರಿಗಳು ಸಂಜಿ ಬಿಸಿಲಾಗ ಒಂದರ ಬಾಲ ಒಂದು ಕಚ್ಚಿ ಆಡಿದವು. ಮೇಡಂ ಕಣ್ಣಾಗ ನೀರು. ಹುಲಿಗೆಮ್ಮ ಮಗನ ತಲಿ ಸವರಿದಳು, ಮೊದಲನೇ ಸಲ.

ತೋಳ ಮರಿ ಕರಕೊಂಡು ಹೋದ ಮ್ಯಾಲೆ ಆಕಿ ಪಿಸುಗುಟ್ಟಿದಳು: "ಕತ್ತಲಾಗ್ತದ. ಸದ್ದು ಮಾಡದಂಗ ಮನಿ ಮುಟ್ಟಿಸೋ, ನನ್ನಪ್ಪಾ."

"ಹೂಂ ಬೇ ಯವ್ವಾ!"

ಗಾದಿಲಿಂಗ ಸ್ಟೇರಿಂಗ್ ಹಿಡಿದ. ಎಡಕ್ಕ ತಿರುವಿದ, ಬಲಕ್ಕ ತಿರುವಿದ. ಕಣ್ಣು ಮುಂದಿನ ದಾರಿ ಮ್ಯಾಲೆ. ಮೋಡ ಹಿಂದಕ್ಕ ಸರಿದವು, ಹುಲ್ಲು ತೆರಿ ತೆರಿ ಆತು.

"ಏನ್ ಮಾಡಾಕತ್ತೀಯೋ?"

"ಸುಮ್ನಿರಬೇ, ಹಳ್ಳ ಬಂತು. ನೀರು ಬಾಳ ಐತಿ!"

ಹುಲಿಗೆಮ್ಮ ಗಾಬರ್‍ಯಾಗಿ ಸೀರಿ ನೆರಿಗಿ ಎತ್ತಿ ಹಿಡಕೊಂಡಳು.