ಸೀಟನ್ನು ಕಾಪಾಡಿದ ಬೆಲ್ಟು

ಡೇರಿಯ ಹಾಲಿನ ವ್ಯಾನಿನಲ್ಲಿದ್ದ ಸೀಟ್ ಬೆಲ್ಟಿಗೆ ಒಂದೇ ಕುತೂಹಲ. ಡ್ರೈವರ್ ಚನ್ನವೀರ ದಿನಾ ಬೆಳಿಗ್ಗೆ ತನ್ನನ್ನು ಎಳೆದು ಖಾಲಿ ಸೀಟಿನ ಮೇಲೆಯೇ ಲಾಕಿಗೆ ಸಿಕ್ಕಿಸಿ, ಆಮೇಲೆ ಅದೇ ಸೀಟಿನಲ್ಲಿ ತನ್ನ ಮುಂದೆ ಬಂದು ಕೂರುತ್ತಾನಲ್ಲ, ಯಾಕೆ?

"ನಿನ್ನನ್ನು ಸಿಕ್ಕಿಸದಿದ್ದರೆ ಗಾಡಿ ಕೀಂ ಕೀಂ ಎನ್ನುತ್ತದೆ. ಆ ಸದ್ದು ಕೇಳಿದರೆ ಅವನಿಗೆ ತಲೆ ಕೆಡುತ್ತದೆ," ಎಂದಿತು ಕನ್ನಡಿಗೆ ನೇತುಹಾಕಿದ್ದ ನಿಂಬೆಹಣ್ಣು.

"ಹಾಗಾದರೆ ಅವನನ್ನು ಕಾಯುವವರು ಯಾರು?"

"ನಾನು. ವಾರವಾರ ಕೈಮುಗಿದು ಕಟ್ಟುತ್ತಾನೆ."

"ಗಾಡಿ ತಟ್ಟನೆ ನಿಂತರೆ ಅವನನ್ನು ಹೇಗೆ ಹಿಡಿದುಕೊಳ್ಳುತ್ತೀರಿ?"

ನಿಂಬೆಹಣ್ಣು ಯೋಚನೆಗೆ ಬಿತ್ತು. "ಇದನ್ನು ಈವರೆಗೆ ಯಾರೂ ಕೇಳಿರಲಿಲ್ಲ."

ಅಷ್ಟರಲ್ಲಿ ತಿರುವಿನಲ್ಲಿ ಎಮ್ಮೆಯೊಂದು ಅಡ್ಡ ಬಂತು. ಚನ್ನವೀರ ಬ್ರೇಕ್ ತುಳಿದ. ನಿಂಬೆಹಣ್ಣು ದಾರ ಹರಿದುಕೊಂಡು ಹೋಗಿ ಮುಂದಿನ ಗಾಜಿಗೆ ಅಪ್ಪಳಿಸಿತು. ಅದರ ಪಕ್ಕಕ್ಕೇ ಚನ್ನವೀರನ ಹಣೆಯೂ. ಬೆಲ್ಟು ಮಾತ್ರ ಬಿಗಿಯಾಗಿ ನಿಂತಿತು.

ಹಣೆಯ ರಕ್ತ ಒರೆಸಿಕೊಳ್ಳುತ್ತಾ ಚನ್ನವೀರ ಹಿಂದೆ ತಿರುಗಿ ಬೆಲ್ಟನ್ನೇ ಬೈದ: "ಇದ್ದೂ ಏನು ಉಪಯೋಗಕ್ಕೆ ಬಂದೆಯೋ!"

"ಸ್ವಾಮಿ, ನೀವು ನನ್ನ ಕೈಗೆ ಒಪ್ಪಿಸಿದ್ದನ್ನು ನಾನು ಬಿಡಲಿಲ್ಲ," ಎಂದಿತು ಬೆಲ್ಟು. "ನೋಡಿ, ಸೀಟಿಗೆ ಒಂದು ಗೀರೂ ಬಿದ್ದಿಲ್ಲ."